ಕಾಲೇಜು ಫುಟ್ಬಾಲ್: ನವೆಂಬರ್ ಪಂದ್ಯಕ್ಕೆ ಜುಲೈಯಲ್ಲೇ ಸಿದ್ಧತೆ ಬೇಕು

ನವದೆಹಲಿ: ರಾಜಧಾನಿಯ ಕಾಲೇಜುಗಳ ಪ್ರವೇಶದ ಕಾಲ ಹತ್ತಿರವಾದರೆ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು. ಸಿಯುಇಟಿಯಲ್ಲಿ ಎಷ್ಟು ಬಂತು, ನಾರ್ತ್ ಕ್ಯಾಂಪಸ್ ಸಿಗುತ್ತದೆಯೇ, ಬಿ.ಕಾಂ. ಆನರ್ಸ್ ಆಗುತ್ತದೆಯೇ? ಅದೇ ಹೊತ್ತಿಗೆ ಕಾಲೇಜುಗಳ ದೈಹಿಕ ಶಿಕ್ಷಣ ವಿಭಾಗಗಳಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿರುತ್ತದೆ. ಗೋಲ್‌ಕೀಪರ್ ಪದವಿ ಮುಗಿಸಿ ಹೊರಟರೆ ಆ ಜಾಗಕ್ಕೆ ಯಾರು? ಎಡಬದಿಯ ರಕ್ಷಣೆಗೆ ಹೊಸಬರು ಸಿಗುತ್ತಾರೆಯೇ? ಕಳೆದ ವರ್ಷ ಗೋಲು ಹೊಡೆದ ಹುಡುಗ ಈ ವರ್ಷವೂ ಉಳಿಯುತ್ತಾನೆಯೇ? ಈ ಎರಡು ಲೆಕ್ಕಾಚಾರಗಳು ಒಂದನ್ನೊಂದು ಸಂಧಿಸುವುದೇ ಅಪರೂಪ. ಸಂಧಿಸಬೇಕು ಎಂಬುದಕ್ಕೆ ಈಗ ಹಲವು ಕಾರಣಗಳಿವೆ.

ದೆಹಲಿಯ ಕಾಲೇಜು ಫುಟ್ಬಾಲ್ ತಂಡಗಳ ಮುಂದಿನ ಋತು ಹೇಗಿರಬಹುದು ಎಂದು ಯಾರಾದರೂ ಕೇಳಿದರೆ, ಸಾಮಾನ್ಯವಾಗಿ ಆಟಗಾರರ ಹೆಸರು ಹೇಳಿ ಉತ್ತರಿಸುವುದು ರೂಢಿ. ಆದರೆ ಇಲ್ಲಿನ ಪರಿಸ್ಥಿತಿಯಲ್ಲಿ ತಂಡದ ಭವಿಷ್ಯ ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಪ್ರವೇಶ, ಪಂದ್ಯಗಳ ವೇಳಾಪಟ್ಟಿ, ಚಳಿಗಾಲದ ಗಾಳಿ ಮತ್ತು ಪೋಷಕರ ಮನಸ್ಸು. ಕೋಚ್ ಎಷ್ಟೇ ಸಮರ್ಥರಾಗಿರಲಿ, ಈ ನಾಲ್ಕರಲ್ಲಿ ಅವರ ಕೈಯಲ್ಲಿರುವುದು ಬಹಳ ಕಡಿಮೆ.

ಬರುವವರು, ಹೋಗುವವರು

ಕಾಲೇಜು ತಂಡ ಕ್ಲಬ್ ತಂಡದಂತಲ್ಲ. ಕ್ಲಬ್ಬಿಗೆ ಬೇಕಾದ ಆಟಗಾರನನ್ನು ದುಡ್ಡು ಕೊಟ್ಟು ಕರೆತರಬಹುದು. ಕಾಲೇಜಿಗೆ ಬರುವವರು ವಿದ್ಯಾರ್ಥಿಗಳು. ಅವರು ಪರೀಕ್ಷೆ ಬರೆದು, ಅರ್ಜಿ ಹಾಕಿ, ಸೀಟು ಸಿಕ್ಕ ನಂತರವೇ ತಂಡಕ್ಕೆ ಸೇರಬೇಕು. ದೆಹಲಿ ವಿಶ್ವವಿದ್ಯಾಲಯದಲ್ಲಿ ಕ್ರೀಡೆ ಮತ್ತು ಪಠ್ಯೇತರ ಚಟುವಟಿಕೆಗಳ ಕೋಟಾ ಎರಡೂ ಸೇರಿ ಕಾಲೇಜಿನ ಒಟ್ಟು ಸೀಟುಗಳ ಶೇ 5ನ್ನು ಮೀರುವಂತಿಲ್ಲ. ಅಂದರೆ ಒಂದು ಸಾವಿರ ಸೀಟುಗಳಿರುವ ಕಾಲೇಜಿನಲ್ಲಿ ಹೆಚ್ಚೆಂದರೆ 50 ಸೀಟು. ಅದರಲ್ಲಿ ಹಾಡುವವರು, ನಾಟಕದವರು, ಚರ್ಚಾಪಟುಗಳಿಗೂ ಪಾಲು ಹೋಗಬೇಕು. ಉಳಿದದ್ದನ್ನು ಕ್ರಿಕೆಟ್, ಬ್ಯಾಸ್ಕೆಟ್‌ಬಾಲ್, ಅಥ್ಲೆಟಿಕ್ಸ್, ಈಜು, ಶೂಟಿಂಗ್ ಎಲ್ಲಕ್ಕೂ ಹಂಚಬೇಕು. ಹನ್ನೊಂದು ಮಂದಿ ಮೈದಾನಕ್ಕಿಳಿಯುವ ಫುಟ್ಬಾಲ್‌ಗೆ ವರ್ಷಕ್ಕೆ ಬೆರಳೆಣಿಕೆಯ ಸೀಟು ಸಿಕ್ಕಿದರೆ ಅದೇ ಪುಣ್ಯ.

ಹೀಗಾಗಿ ಯಾವ ಕಾಲೇಜು ತಂಡವೂ ಕೋಟಾದವರಿಂದಲೇ ತುಂಬುವುದಿಲ್ಲ. ಅರ್ಧದಷ್ಟು ಮಂದಿ ಓದಿನ ಅಂಕದ ಮೇಲೆ ಬಂದು, ಶಾಲೆಯಲ್ಲಿ ಆಡಿದ ಆಸೆಗೆ ಬೂಟು ಕಟ್ಟಿದವರು. ಕೋಟಾದಲ್ಲಿ ಬಂದ ನಾಲ್ಕೈದು ಮಂದಿ ತಂಡದ ಬೆನ್ನೆಲುಬಾದರೆ, ಸಾಮಾನ್ಯ ಪ್ರವೇಶದಲ್ಲಿ ಬಂದವರು ಅದರ ಕೈಕಾಲು. ಗೆಲ್ಲುವ ತಂಡ ಯಾವುದು ಎಂದು ಊಹಿಸಬೇಕಾದರೆ ಕೋಟಾದ ಪಟ್ಟಿಯನ್ನು ನೋಡಿದರೆ ಸಾಲದು; ಈ ಎರಡನೆಯ ವರ್ಗದ ಹುಡುಗರು ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬರುತ್ತಿದ್ದಾರೆಯೇ ಎಂದು ನೋಡಬೇಕು.

2022ರಿಂದ ಪ್ರವೇಶದ ವಿಧಾನವೂ ಬದಲಾಯಿತು. ಸಿಯುಇಟಿ ಬಂದ ಮೇಲೆ ಕ್ರೀಡಾ ಕೋಟಾದಲ್ಲಿ ಆ ಪರೀಕ್ಷೆಯ ಅಂಕಕ್ಕೆ ಶೇ 25ರಷ್ಟು, ಕ್ರೀಡಾ ಪ್ರಮಾಣಪತ್ರ ಮತ್ತು ಮೈದಾನದ ಟ್ರಯಲ್ಸ್‌ಗೆ ಶೇ 75ರಷ್ಟು ತೂಕ ನೀಡಲಾಯಿತು. ಕಾಲಿನಲ್ಲಿ ಆಟವಿದ್ದೂ ಪರೀಕ್ಷೆಯನ್ನು ನಿರ್ಲಕ್ಷಿಸಿದ ಹುಡುಗ ಹಿಂದೆ ಬೀಳುವುದು ಖಚಿತ. ಸಿಯುಇಟಿಯನ್ನು ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಒಂದು ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ, ರಾಜ್ಯ ಮಟ್ಟದಲ್ಲಿ ಆಡಿದ ಹುಡುಗ ಕನ್ನಡದಲ್ಲೇ ಪರೀಕ್ಷೆ ಬರೆದು ದೆಹಲಿಯ ಟ್ರಯಲ್ಸ್‌ಗೆ ಬರಬಹುದು. ಬಂದ ಮೇಲೆ ಪಾಠ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ನಡೆಯುತ್ತದೆ, ಅದು ಬೇರೆ ಸವಾಲು. ಆದರೆ ಬಾಗಿಲಂತೂ ತೆರೆದಿದೆ.

ನಾಲ್ಕನೆಯ ವರ್ಷದ ಲಾಭ

ಮುಂದಿನ ಋತುವಿನ ಬಗ್ಗೆ ಆಶಾವಾದಕ್ಕೆ ಇರುವ ದೊಡ್ಡ ಕಾರಣ ಮೈದಾನದ ಹೊರಗಿದೆ. ದೆಹಲಿ ವಿಶ್ವವಿದ್ಯಾಲಯ 2022ರಲ್ಲಿ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ಜಾರಿಗೆ ತಂದಿತು. ಮೂರು ವರ್ಷಕ್ಕೆ ಪದವಿ ಪಡೆದು ಹೊರಡಬಹುದು, ಬೇಕಾದವರು ನಾಲ್ಕನೆಯ ವರ್ಷವೂ ಓದಬಹುದು. ಆ ಮೊದಲ ತಂಡದ ವಿದ್ಯಾರ್ಥಿಗಳು 2025ರಲ್ಲಿ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟರು.

ಇದರ ಪರಿಣಾಮವನ್ನು ಶಿಕ್ಷಣ ತಜ್ಞರು ಬೇರೆ ಬೇರೆ ರೀತಿಯಲ್ಲಿ ಚರ್ಚಿಸಿದ್ದಾರೆ. ತರಗತಿ ಕೊಠಡಿ ಸಾಲದು, ಅಧ್ಯಾಪಕರು ಸಾಲದು ಎಂಬ ದೂರುಗಳೂ ಇವೆ. ಆದರೆ ಫುಟ್ಬಾಲ್ ದೃಷ್ಟಿಯಿಂದ ನೋಡಿದರೆ ಇದು ಅನಿರೀಕ್ಷಿತ ಕೊಡುಗೆ. ಹಿಂದೆ ಕಾಲೇಜು ತಂಡದ ಆಟಗಾರ ಮೊದಲ ವರ್ಷ ಬೆಂಚಿನಲ್ಲಿ ಕುಳಿತು, ಎರಡನೆಯ ವರ್ಷ ಅಷ್ಟಿಷ್ಟು ಆಡಿ, ಮೂರನೆಯ ವರ್ಷ ಪಳಗುವ ಹೊತ್ತಿಗೆ ಬೀಳ್ಕೊಡುಗೆ ಸಮಾರಂಭ ಬಂದಿರುತ್ತಿತ್ತು. ಈಗ ಅನುಭವಿ ಆಟಗಾರನೊಬ್ಬ ಇನ್ನೊಂದು ಋತು ಉಳಿಯುವ ಸಾಧ್ಯತೆ ಇದೆ. ವಿಶೇಷವಾಗಿ ಗೋಲ್‌ಕೀಪರ್ ಮತ್ತು ನಡುವಿನ ರಕ್ಷಣಾ ಆಟಗಾರರಿಗೆ ವಯಸ್ಸಿನೊಂದಿಗೆ ಬರುವ ತಾಳ್ಮೆಯೇ ಬಂಡವಾಳ.

ಆದರೆ ಉಳಿಯುತ್ತಾರೆಯೇ ಎಂಬುದು ಪ್ರಶ್ನೆ. ಮೂರು ವರ್ಷಕ್ಕೆ ಪದವಿ ಕೈಗೆ ಸಿಗುವಾಗ ಎಂ.ಬಿ.ಎ., ಬ್ಯಾಂಕ್ ಪರೀಕ್ಷೆ, ಯುಪಿಎಸ್‌ಸಿ ಎಂದು ಓಡುವವರೇ ಹೆಚ್ಚು. ನಾಲ್ಕನೆಯ ವರ್ಷದಲ್ಲಿ ಸಂಶೋಧನಾ ಪ್ರಬಂಧವನ್ನೋ ಯೋಜನಾ ಕೆಲಸವನ್ನೋ ಮಾಡಬೇಕಾದುದರಿಂದ ಅಭ್ಯಾಸಕ್ಕೆ ಸಮಯ ಹೊಂದಿಸುವುದೂ ಕಷ್ಟ. ಯಾವ ಕಾಲೇಜು ತನ್ನ ಹಿರಿಯ ಆಟಗಾರರ ಜೊತೆ ಕುಳಿತು, ಓದು ಮತ್ತು ಆಟ ಎರಡಕ್ಕೂ ಹೊಂದುವ ದಿನಚರಿಯನ್ನು ರೂಪಿಸುತ್ತದೆಯೋ ಆ ಕಾಲೇಜಿನ ತಂಡ ಮುಂದಿನ ಋತುವಿನಲ್ಲಿ ಒಂದು ಹೆಜ್ಜೆ ಮುಂದಿರುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಎದುರಾಳಿಗಿಂತ ದೊಡ್ಡ ಎದುರಾಳಿ

ದೆಹಲಿಯ ಕಾಲೇಜು ಫುಟ್ಬಾಲ್‌ನ ನಿಜವಾದ ಸಮಸ್ಯೆ ಕ್ಯಾಲೆಂಡರ್. ಮೇ, ಜೂನ್ ತಿಂಗಳಲ್ಲಿ ಉಷ್ಣಾಂಶ 45 ಡಿಗ್ರಿಯ ಆಸುಪಾಸು, ಆಗ ಆಡುವಂತಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಳೆ ಮತ್ತು ಪ್ರವೇಶದ ಗಡಿಬಿಡಿ. ಹವೆ ತಂಪಾಯಿತು, ಇನ್ನು ಆಡಬಹುದು ಎನ್ನುವಷ್ಟರಲ್ಲಿ ದೀಪಾವಳಿ ಕಳೆದು ಹೊಗೆಮಂಜು ಕವಿಯುತ್ತದೆ. ಡಿಸೆಂಬರ್ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ. ಕಾಲೇಜು ಕ್ರೀಡೆಯ ಮುಖ್ಯ ತಿಂಗಳುಗಳು ಮತ್ತು ದೆಹಲಿಯ ಗಾಳಿ ಅತ್ಯಂತ ಕೆಟ್ಟಿರುವ ತಿಂಗಳುಗಳು ಒಂದೇ ಆಗಿರುವುದು ಈ ನಗರದ ದುರದೃಷ್ಟ.

2025ರ ನವೆಂಬರ್‌ನಲ್ಲಿ ಈ ವಿಷಯ ಸುಪ್ರೀಂ ಕೋರ್ಟ್ ಮುಂದೆಯೇ ಬಂತು. ನವೆಂಬರ್, ಡಿಸೆಂಬರ್‌ನಲ್ಲಿ ಮಕ್ಕಳ ಕ್ರೀಡಾಕೂಟ ನಡೆಸುವುದು ಅವರನ್ನು ವಿಷಗಾಳಿಗೆ ದೂಡಿದಂತೆ ಎಂಬ ವಾದವನ್ನು ಕೇಳಿದ ನ್ಯಾಯಾಲಯ, ಅವನ್ನು ಸುರಕ್ಷಿತ ತಿಂಗಳುಗಳಿಗೆ ಮುಂದೂಡುವ ಬಗ್ಗೆ ಪರಿಗಣಿಸುವಂತೆ ವಾಯು ಗುಣಮಟ್ಟ ನಿರ್ವಹಣಾ ಆಯೋಗಕ್ಕೆ ಸೂಚಿಸಿತು. ಬೆನ್ನಲ್ಲೇ ದೆಹಲಿಯ ಶಿಕ್ಷಣ ಸಂಸ್ಥೆಗಳಲ್ಲಿ ಹೊರಾಂಗಣ ಕ್ರೀಡಾ ಸ್ಪರ್ಧೆಗಳನ್ನು ಮುಂದೂಡುವಂತೆ ಆದೇಶಗಳು ಹೊರಬಿದ್ದವು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ತಂಡಗಳಿಗೆ ಇದರಿಂದ ನಿರಾಸೆಯಾದದ್ದು ಸಹಜ. ಆದರೆ ಆದೇಶದ ಹಿಂದಿನ ಕಾಳಜಿ ತಪ್ಪೆಂದು ಯಾರೂ ಹೇಳಲಾರರು.

ಕ್ರಿಕೆಟ್‌ನವರು ಈ ಪಾಠವನ್ನು ಮೊದಲೇ ಕಲಿತಿದ್ದರು. 2016ರ ನವೆಂಬರ್‌ನಲ್ಲಿ ಇಲ್ಲಿನ ಕೋಟ್ಲಾ ಮೈದಾನದಲ್ಲಿ ನಡೆಯಬೇಕಿದ್ದ ಬಂಗಾಳ–ಗುಜರಾತ್ ರಣಜಿ ಪಂದ್ಯ ಹೊಗೆಮಂಜಿನಿಂದ ರದ್ದಾಯಿತು. 2017ರ ಡಿಸೆಂಬರ್‌ನಲ್ಲಿ ಶ್ರೀಲಂಕಾದ ಟೆಸ್ಟ್ ಆಟಗಾರರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಫೀಲ್ಡಿಂಗ್ ಮಾಡಿದ್ದನ್ನು ಜಗತ್ತೇ ನೋಡಿತು. ಕ್ರಿಕೆಟ್‌ನಲ್ಲಿ ನಿಂತು ಕಾಯುವ ಹೊತ್ತಾದರೂ ಇರುತ್ತದೆ. ಫುಟ್ಬಾಲ್‌ನಲ್ಲಿ 90 ನಿಮಿಷ ಓಟ. ಓಡುವವನು ಸುಮ್ಮನೆ ಕುಳಿತವನಿಗಿಂತ ಹಲವು ಪಟ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ, ಅದೂ ಬಾಯಿಯ ಮೂಲಕ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದ ಮಿತಿ 60. ದೆಹಲಿಯ ನವೆಂಬರ್ ಈ ಎರಡನ್ನೂ ದಾಟಿ ಎಷ್ಟೋ ಮುಂದೆ ಹೋಗುತ್ತದೆ ಎಂಬುದನ್ನು ಇಲ್ಲಿ ವಾಸಿಸುವವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದಾಗ ಗಂಟಲೇ ಹೇಳುತ್ತದೆ.

ಪರಿಹಾರವಿಲ್ಲವೇ? ಇದೆ. ಅಂತರ ಕಾಲೇಜು ಪಂದ್ಯಗಳ ಮೊದಲ ಸುತ್ತನ್ನು ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ ಮುಗಿಸಿ, ಉಳಿದ ಸುತ್ತನ್ನು ಫೆಬ್ರುವರಿ, ಮಾರ್ಚ್‌ಗೆ ಇಟ್ಟುಕೊಳ್ಳಬಹುದು. ಮಳೆಯಲ್ಲಿ ಹೇಗೆ ಆಡುವುದು ಎಂದು ಇಲ್ಲಿನವರು ಕೇಳಬಹುದು. ಬೆಂಗಳೂರು, ಮಂಗಳೂರಿನ ಮೈದಾನಗಳನ್ನು ನೋಡಿದವರು ಈ ಪ್ರಶ್ನೆಗೆ ನಗುತ್ತಾರೆ. ಕೆಸರಿನಲ್ಲಿ ಆಡಿಯೇ ಅಲ್ಲಿನ ಹುಡುಗರು ಚೆಂಡನ್ನು ಕಾಲಿಗೆ ಅಂಟಿಸಿಕೊಳ್ಳುವುದನ್ನು ಕಲಿತರು. ದೆಹಲಿಯ ಮಳೆ ಕರಾವಳಿಯ ಮಳೆಯ ಮುಂದೆ ಲೆಕ್ಕಕ್ಕಿಲ್ಲ. ಸೆಪ್ಟೆಂಬರ್ ಕೊನೆಗೆ ಮುಂಗಾರು ಹೇಗೂ ಹಿಂದೆ ಸರಿಯುತ್ತದೆ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಕ್ರೀಡಾ ಕೋಟಾದ ಪ್ರವೇಶ ಮುಗಿಯುವುದೇ ತಡವಾಗಿ. ಹೊಸಬರಿಲ್ಲದೆ ಪಂದ್ಯ ಶುರು ಮಾಡುವುದು ಹೇಗೆ? ಉತ್ತರವೂ ಅಲ್ಲೇ ಇದೆ. ಟ್ರಯಲ್ಸ್‌ಗಳನ್ನು ಪ್ರವೇಶದ ಕೊನೆಗೆ ತಳ್ಳದೆ ಮೊದಲೇ ನಡೆಸಬೇಕು. ಮೈದಾನದಲ್ಲಿ ಹುಡುಗನ ಆಟ ನೋಡಲು ಅವನ ಸಿಯುಇಟಿ ಫಲಿತಾಂಶಕ್ಕಾಗಿ ಕಾಯಬೇಕಾಗಿಲ್ಲ. ಅಂಕ ಬಂದ ಮೇಲೆ ಕೂಡಿಸಿಕೊಳ್ಳಬಹುದು. ಇದು ಸಾಧ್ಯವಾಗದಿದ್ದರೂ, ಎರಡನೆಯ ವರ್ಷದ ಮೇಲಿನವರನ್ನು ಜುಲೈಯಲ್ಲೇ ಅಭ್ಯಾಸಕ್ಕೆ ಕರೆಯುವುದನ್ನು ಯಾವ ನಿಯಮವೂ ತಡೆಯುವುದಿಲ್ಲ.

ವಲಯದ ಪೈಪೋಟಿ

ಕಾಲೇಜು ಮಟ್ಟದಲ್ಲಿ ಮಿಂಚಿದವರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ನಡೆಸುವ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತಾರೆ. ಮೊದಲು ಉತ್ತರ ವಲಯ, ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟ. ಉತ್ತರ ವಲಯದಲ್ಲಿ ಪಂಜಾಬ್‌ನ ವಿಶ್ವವಿದ್ಯಾಲಯಗಳ ಎದುರು ಆಡಬೇಕು. ಅವು ಕ್ರೀಡೆಯನ್ನು ಗಂಭೀರವಾಗಿ ಪರಿಗಣಿಸುವ ಸಂಸ್ಥೆಗಳು. ಅಖಿಲ ಭಾರತ ಮಟ್ಟದಲ್ಲಿ ಹಲವು ಬಾರಿ ಪ್ರಶಸ್ತಿ ಗೆದ್ದ ಕಲ್ಲಿಕೋಟೆ ವಿಶ್ವವಿದ್ಯಾಲಯದಂತಹ ತಂಡಗಳಿವೆ. ಮಲಬಾರಿನಲ್ಲಿ ಊರಿಗೊಂದು ಮೈದಾನ, ಮೈದಾನದ ತುಂಬ ಜನ. ಅಲ್ಲಿನ ಕಾಲೇಜು ಆಟಗಾರ ಹತ್ತು ವರ್ಷದವನಿದ್ದಾಗಲೇ ಸಾವಿರಾರು ಜನರೆದುರು ಸೆವೆನ್ಸ್ ಪಂದ್ಯ ನೋಡಿ ಬೆಳೆದಿರುತ್ತಾನೆ.

ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಎರಡನೆಯ ಆವೃತ್ತಿ 2022ರ ಏಪ್ರಿಲ್, ಮೇಯಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯವೇ ಸಮಗ್ರ ಪ್ರಶಸ್ತಿಯನ್ನೂ ಗೆದ್ದುಕೊಂಡಿತು. ಕ್ರೀಡೆಗೆ ಹಣ, ಹಾಸ್ಟೆಲ್, ಕೋಚ್ ಒದಗಿಸಿದರೆ ವಿಶ್ವವಿದ್ಯಾಲಯವೊಂದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅದು ಉದಾಹರಣೆ.

ದೆಹಲಿಯಲ್ಲಿ ಮೈದಾನಕ್ಕೇನೂ ಬರವಿಲ್ಲ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ನಾರ್ತ್ ಕ್ಯಾಂಪಸ್‌ನಲ್ಲಿ ರಗ್ಬಿ ಕ್ರೀಡಾಂಗಣವನ್ನೇ ಕಟ್ಟಲಾಯಿತು. 1982ರ ಏಷ್ಯಾಡ್‌ನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ 2017ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್‌ನ ಭಾರತದ ಪಂದ್ಯಗಳು ನಡೆದವು. ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ಹೊಡೆದ ಗೋಲು ಇಲ್ಲಿಯೇ ದಾಖಲಾಯಿತು. ಕೊರತೆ ಇರುವುದು ಪಂದ್ಯಗಳಿಗೆ. ವರ್ಷದಲ್ಲಿ ನಾಲ್ಕೈದು ನಾಕೌಟ್ ಪಂದ್ಯ ಆಡಿ, ಒಂದರಲ್ಲಿ ಸೋತರೆ ಮನೆಗೆ ಹೋಗುವ ವ್ಯವಸ್ಥೆಯಲ್ಲಿ ತಂಡ ಬೆಳೆಯುವುದಿಲ್ಲ. ಎಲ್ಲರೂ ಎಲ್ಲರ ವಿರುದ್ಧ ಆಡುವ ಲೀಗ್ ಬೇಕು. ಸೋತ ತಂಡಕ್ಕೆ ಮುಂದಿನ ವಾರ ತಿದ್ದಿಕೊಳ್ಳುವ ಅವಕಾಶವಿರಬೇಕು.

ದೆಹಲಿ, ಬೆಂಗಳೂರಿನ ಹಳೆಯ ನಂಟು

ಫುಟ್ಬಾಲ್ ನಮ್ಮ ಆಟವಲ್ಲ, ಅದು ಬಂಗಾಳಿ, ಗೋವಾ, ಮಲಯಾಳಿಗಳದ್ದು ಎಂದು ಹೇಳುವ ಕನ್ನಡಿಗರಿಗೆ ಇತಿಹಾಸ ಬೇರೆಯೇ ಹೇಳುತ್ತದೆ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಮುಂದಿನ ತಲೆಮಾರಿನಲ್ಲಿ ಭಾರತ ತಂಡದ ನಾಯಕರಾಗಿದ್ದ ಕಾರ್ಲ್ಟನ್ ಚಾಪ್‌ಮನ್ ಬಂದರು. ನಂತರ ದೀರ್ಘ ಬರಗಾಲ. 54 ವರ್ಷಗಳ ಬಳಿಕ 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಎತ್ತಿತು. ದೆಹಲಿ ಆ ಟ್ರೋಫಿ ಗೆದ್ದಿರುವುದು ಒಂದೇ ಬಾರಿ, 1944–45ರಲ್ಲಿ.

ಎರಡೂ ನಗರಗಳನ್ನು ಜೋಡಿಸುವ ದೊಡ್ಡ ಹೆಸರು ಸುನಿಲ್ ಚೆಟ್ರಿ ಅವರದ್ದು. ಸೈನಿಕನ ಮಗನಾದ ಅವರು ದೆಹಲಿಯಲ್ಲಿ, ಧೌಲಾ ಕುವಾಂನ ಆರ್ಮಿ ಪಬ್ಲಿಕ್ ಶಾಲೆಯಲ್ಲಿ ಓದಿದವರು. ಇಲ್ಲಿನ ಸಿಟಿ ಕ್ಲಬ್‌ನಲ್ಲಿ ಆಡಿ, 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಸೇರಿದರು. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ನಾಯಕರಾಗಿ ಬಂದು, ಮೊದಲ ಋತುವಿನಲ್ಲೇ ಐ–ಲೀಗ್ ಗೆಲ್ಲಿಸಿದರು. ಇಂದು ಕಂಠೀರವ ಕ್ರೀಡಾಂಗಣದಲ್ಲಿ ಅವರನ್ನು ಹೊರಗಿನವರೆಂದು ನೋಡುವವರಿಲ್ಲ. ದೆಹಲಿಯ ಹುಡುಗ ಬೆಂಗಳೂರಿನವನಾಗಬಹುದಾದರೆ, ದೆಹಲಿಯಲ್ಲಿ ಬೆಳೆದ ಕನ್ನಡದ ಹುಡುಗ ಇಲ್ಲಿನ ಕಾಲೇಜು ತಂಡದ ನಾಯಕನಾಗಲು ಏನಡ್ಡಿ?

ದೆಹಲಿಗೂ ಫುಟ್ಬಾಲ್ ಪರಂಪರೆ ಇದೆ. 1888ರಲ್ಲಿ ಶಿಮ್ಲಾದಲ್ಲಿ ಆರಂಭವಾದ ಡುರಾಂಡ್ ಕಪ್ 1940ರಲ್ಲಿ ದೆಹಲಿಗೆ ಬಂತು. ದಶಕಗಳ ಕಾಲ ಚಳಿಗಾಲದ ಸಂಜೆಗಳಲ್ಲಿ ಅದೇ ಇಲ್ಲಿನ ದೊಡ್ಡ ಆಕರ್ಷಣೆ. 2019ರಿಂದ ಅದು ಕೋಲ್ಕತ್ತದ ಕಡೆಗೆ ಹೋಯಿತು. ವಾಯುಪಡೆಯ ಮುಂದಾಳತ್ವದಲ್ಲಿ 1960ರಿಂದ ನಡೆಯುತ್ತಿರುವ ಶಾಲಾ ಮಕ್ಕಳ ಸುಬ್ರೊತೊ ಕಪ್ ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದ ಗುರುತೇ ಆಗಿತ್ತು. ಇದೇ ಅಂಬೇಡ್ಕರ್ ಕ್ರೀಡಾಂಗಣದಲ್ಲಿ 2007 ಮತ್ತು 2009ರಲ್ಲಿ ಭಾರತ ನೆಹರೂ ಕಪ್ ಗೆದ್ದಿತು. ಈ ನಗರದ ಫುಟ್ಬಾಲ್ ಕತೆಯನ್ನು ಜೀವನಪೂರ್ತಿ ಬರೆದವರು, ವೀಕ್ಷಕ ವಿವರಣೆಯಲ್ಲಿ ಹೇಳಿದವರು ನೋವಿ ಕಪಾಡಿಯಾ. ಅವರು ದೆಹಲಿ ವಿಶ್ವವಿದ್ಯಾಲಯದ ಖಾಲ್ಸಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. 2021ರ ನವೆಂಬರ್‌ನಲ್ಲಿ ಅವರು ತೀರಿಕೊಂಡ ಮೇಲೆ ಕಾಲೇಜು ಫುಟ್ಬಾಲ್‌ನ ಪರ ಮಾತನಾಡುವ ದೊಡ್ಡ ದನಿಯೊಂದು ಇಲ್ಲವಾಯಿತು.

ಹೆಣ್ಣುಮಕ್ಕಳ ತಂಡವನ್ನು ಮರೆಯಬಾರದು

ಮುಂದಿನ ಋತುವಿನಲ್ಲಿ ನಿಜವಾದ ಪ್ರಗತಿ ಕಾಣಬಹುದಾದ ಜಾಗ ಮಹಿಳಾ ಕಾಲೇಜುಗಳ ತಂಡಗಳು. ಇಲ್ಲಿ ಪೈಪೋಟಿ ಇನ್ನೂ ಕಡಿಮೆ, ಅವಕಾಶ ಹೆಚ್ಚು. ಭಾರತ ತಂಡದ ಗೋಲ್‌ಕೀಪರ್ ಆಗಿದ್ದ ಅದಿತಿ ಚೌಹಾಣ್ ದೆಹಲಿಯ ಜೀಸಸ್ ಅಂಡ್ ಮೇರಿ ಕಾಲೇಜಿನಲ್ಲಿ ಓದಿದವರು. ಮುಂದೆ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ನಿರ್ವಹಣೆ ಓದುತ್ತಲೇ 2015ರಲ್ಲಿ ವೆಸ್ಟ್ ಹ್ಯಾಮ್ ಮಹಿಳಾ ತಂಡಕ್ಕೆ ಆಡಿದರು. 2025ರಲ್ಲಿ ನಿವೃತ್ತರಾದರು. ಓದು ಬಿಟ್ಟು ಆಡಿದವರಲ್ಲ; ಓದಿನ ದಾರಿಯಲ್ಲೇ ಆಟವನ್ನು ಕೊಂಡೊಯ್ದವರು.

2025ರ ಜುಲೈಯಲ್ಲಿ ಭಾರತದ ಮಹಿಳಾ ತಂಡ ಥಾಯ್ಲೆಂಡನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಅರ್ಹತಾ ಪಂದ್ಯಗಳ ಮೂಲಕ ಈ ಹಂತ ತಲುಪಿದ್ದು ಅದೇ ಮೊದಲು. ಇಂತಹ ಗೆಲುವಿನ ಪರಿಣಾಮ ಕಾಲೇಜಿನ ನೋಟಿಸ್ ಬೋರ್ಡಿನ ತನಕ ಬರಬೇಕು. ಭರತನಾಟ್ಯ, ಸಂಗೀತ ತರಗತಿಗೆ ಮಗಳನ್ನು ಸಂತೋಷದಿಂದ ಕರೆದೊಯ್ಯುವ ತಂದೆ–ತಾಯಿ, ಅವಳು ಫುಟ್ಬಾಲ್ ಆಡುತ್ತೇನೆ ಎಂದಾಗ ಮೊಣಕಾಲಿನ ಗಾಯ, ಬಿಸಿಲಿಗೆ ಕಪ್ಪಾಗುವ ಮುಖ ಎಂದೆಲ್ಲ ಕಾರಣ ಹುಡುಕುವುದನ್ನು ಬಿಡಬೇಕು.

ಪೋಷಕರ ಭಯ ಸುಳ್ಳಲ್ಲ

ಆದರೂ ಪೋಷಕರನ್ನು ದೂರಿ ಪ್ರಯೋಜನವಿಲ್ಲ. ಫುಟ್ಬಾಲ್ ಆಡಿ ಹೊಟ್ಟೆ ಹೊರೆಯಬಹುದೇ ಎಂಬ ಅವರ ಪ್ರಶ್ನೆಗೆ ಇತ್ತೀಚಿನ ಘಟನೆಗಳು ಒಳ್ಳೆಯ ಉತ್ತರ ಕೊಟ್ಟಿಲ್ಲ. 2025ರ ಜುಲೈಯಲ್ಲಿ ವಾಣಿಜ್ಯ ಒಪ್ಪಂದದ ಗೊಂದಲದಿಂದ ಇಂಡಿಯನ್ ಸೂಪರ್ ಲೀಗ್ ಋತುವೇ ನಿಂತುಹೋಯಿತು. ದೇಶದ ಅಗ್ರ ಆಟಗಾರರು ತಿಂಗಳುಗಟ್ಟಲೆ ಪಂದ್ಯವಿಲ್ಲದೆ ಕುಳಿತರು. ಕೊನೆಗೆ 2026ರ ಫೆಬ್ರುವರಿಯಲ್ಲಿ ಮೊಟಕಾದ ಋತು ಶುರುವಾಯಿತು. ದೆಹಲಿಯ ಅಭಿಮಾನಿಗಳಂತೂ ಇನ್ನೊಂದು ನೋವನ್ನೂ ಕಂಡವರು. ಇಲ್ಲಿನ ಡೈನಮೋಸ್ ತಂಡ 2019ರಲ್ಲಿ ಒಡಿಶಾಗೆ ಹೊರಟುಹೋಯಿತು. 2025ರಲ್ಲಿ ಹೈದರಾಬಾದ್ ತಂಡ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂಬ ಹೆಸರಿನಲ್ಲಿ ಇಲ್ಲಿಗೆ ಬಂದಾಗಲೇ ಆ ಜಾಗ ತುಂಬಿದ್ದು.

ಇಷ್ಟೆಲ್ಲ ಅನಿಶ್ಚಿತತೆ ಇರುವಾಗ ಮಗನನ್ನು ಹದಿನೇಳನೆಯ ವಯಸ್ಸಿಗೇ ಓದು ಬಿಡಿಸಿ ಅಕಾಡೆಮಿಗೆ ಕಳಿಸಿ ಎಂದು ಹೇಳುವುದು ಬೇಜವಾಬ್ದಾರಿ. ಕಾಲೇಜು ಫುಟ್ಬಾಲ್‌ನ ಮಹತ್ವ ಇರುವುದೇ ಇಲ್ಲಿ. ಅದು ಪದವಿಯನ್ನೂ ಕೊಡುತ್ತದೆ, ಆಟವನ್ನೂ ಉಳಿಸುತ್ತದೆ. ಆಟ ಮುಂದುವರಿದರೆ ಕ್ಲಬ್ಬಿದೆ. ರೈಲ್ವೆ, ಸೇನೆ, ಪೊಲೀಸ್ ಮುಂತಾದ ಇಲಾಖೆಗಳ ಕ್ರೀಡಾ ನೇಮಕಾತಿ ಇದೆ. ಆಟ ನಿಂತರೂ ಕೈಯಲ್ಲಿ ಡಿಗ್ರಿ ಇದೆ. ಕೋಚಿಂಗ್, ರೆಫರಿ ತರಬೇತಿ, ಫಿಸಿಯೋಥೆರಪಿ, ಕ್ರೀಡಾ ನಿರ್ವಹಣೆ ಇವೆಲ್ಲ ಈಗ ಉದ್ಯೋಗಗಳೇ. ಹತ್ತನೆಯ ತರಗತಿ ಬಂತೆಂದು ಬೂಟನ್ನು ಅಟ್ಟಕ್ಕೆ ಹಾಕಿಸುವ ಮನೆಗಳು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಸಂಘಗಳು ಏನು ಮಾಡಬಹುದು?

ಹೊರನಾಡಿನಲ್ಲಿ ನೆಲೆಸಿದ ಸಮುದಾಯವೊಂದು ಫುಟ್ಬಾಲ್ ಕಟ್ಟಿದ ಉದಾಹರಣೆ ದೆಹಲಿಯಲ್ಲೇ ಇದೆ. ಬೆಟ್ಟದ ಸೀಮೆಯಿಂದ ಕೆಲಸ ಹುಡುಕಿ ಬಂದ ಗಢವಾಲಿಗಳು 1953ರಲ್ಲಿ ಗಢವಾಲ್ ಹೀರೋಸ್ ಎಂಬ ಕ್ಲಬ್ ಕಟ್ಟಿದರು. ಅದು ದೆಹಲಿಯ ಪ್ರಮುಖ ತಂಡಗಳಲ್ಲೊಂದಾಗಿ ಬೆಳೆದು, ಐ–ಲೀಗ್ ಎರಡನೆಯ ಡಿವಿಷನ್‌ನಲ್ಲೂ ಆಡಿತು. ಅದಕ್ಕೂ ಮೊದಲೇ, 1948ರಲ್ಲಿ, ಕನ್ನಡಿಗರು ದೆಹಲಿ ಕರ್ನಾಟಕ ಸಂಘವನ್ನು ಕಟ್ಟಿದ್ದರು. ರಾವ್ ತುಲಾರಾಂ ಮಾರ್ಗದಲ್ಲಿ ಸ್ವಂತ ಕಟ್ಟಡವಾಯಿತು, ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆ ಬೆಳೆಯಿತು, ಯಕ್ಷಗಾನ, ನಾಟಕ, ಸಾಹಿತ್ಯ ಎಲ್ಲಕ್ಕೂ ವೇದಿಕೆ ಸಿಕ್ಕಿತು. 2023ರ ಫೆಬ್ರುವರಿಯಲ್ಲಿ ತಾಲ್ಕಟೋರಾ ಕ್ರೀಡಾಂಗಣದಲ್ಲಿ ನಡೆದ ಅಮೃತ ಮಹೋತ್ಸವವನ್ನು ಪ್ರಧಾನಿಯವರೇ ಉದ್ಘಾಟಿಸಿದರು. ಇಷ್ಟೆಲ್ಲ ಕಟ್ಟಿದ ಸಮುದಾಯಕ್ಕೆ ಒಂದು ಆಟಕ್ಕೆ ಬೆನ್ನು ತಟ್ಟುವುದು ಭಾರವೇನಲ್ಲ.

ಹೊಸ ಕ್ಲಬ್ ಕಟ್ಟಿ, ಲಕ್ಷಗಟ್ಟಲೆ ಹಣ ಹಾಕಿ ಎಂದು ಯಾರೂ ಕೇಳುತ್ತಿಲ್ಲ. ಸಣ್ಣ ಸಣ್ಣ ಕೆಲಸಗಳೇ ಸಾಕು. ಮೊದಲನೆಯದು, ಮಾಹಿತಿ. ಕ್ರೀಡಾ ಕೋಟಾದ ಅರ್ಜಿ, ಪ್ರಮಾಣಪತ್ರದ ನಿಯಮ, ಟ್ರಯಲ್ಸ್ ದಿನಾಂಕ ಇವನ್ನು ಕನ್ನಡದಲ್ಲಿ ತಿಳಿಸುವ ಒಂದು ಸಭೆಯನ್ನು ಪ್ರತಿ ಬೇಸಿಗೆಯಲ್ಲಿ ನಡೆಸಬಹುದು. ಎಷ್ಟೋ ಮಕ್ಕಳು ಅರ್ಹರಾಗಿದ್ದೂ ಅವಕಾಶ ಕಳೆದುಕೊಳ್ಳುವುದು ಒಂದು ಕಾಗದ ತಪ್ಪಿದ್ದಕ್ಕೆ. ಎರಡನೆಯದು, ಆಸರೆ. ಕರ್ನಾಟಕದಿಂದ ಟ್ರಯಲ್ಸ್‌ಗೆ ಬರುವ ಹುಡುಗ–ಹುಡುಗಿಯರಿಗೆ ನಾಲ್ಕು ದಿನದ ವಸತಿ, ನಮ್ಮ ಊಟ, ದಾರಿ ತೋರಿಸಲು ಒಬ್ಬರು ಹಿರಿಯರು ಸಿಕ್ಕರೆ ಅರ್ಧ ಆತಂಕ ಕಡಿಮೆಯಾಗುತ್ತದೆ. ಅಪರಿಚಿತ ಊರಿನಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಿಗ್ಗೆ ಟ್ರಯಲ್ಸ್‌ನಲ್ಲಿ ಓಡಲಾಗುವುದಿಲ್ಲ.

ಮೂರನೆಯದು, ಸಂಘಗಳ ಕ್ರೀಡಾಕೂಟ. ನಮ್ಮಲ್ಲಿ ಕ್ರೀಡಾಕೂಟವೆಂದರೆ ಕ್ರಿಕೆಟ್, ಹಗ್ಗಜಗ್ಗಾಟ, ಸಂಗೀತ ಕುರ್ಚಿ, ನಿಂಬೆಹಣ್ಣು–ಚಮಚ ಎಂಬುದು ವಾಡಿಕೆ. ಅದರ ಜೊತೆಗೆ ಐವರ ಫುಟ್ಬಾಲ್ ಪಂದ್ಯವೊಂದನ್ನು ಸೇರಿಸಬಹುದು. ದ್ವಾರಕಾ, ನೋಯ್ಡಾ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್ ಕನ್ನಡಿಗರ ಮಕ್ಕಳು ಬೇರೆ ಬೇರೆ ತಂಡಗಳಾಗಿ ಆಡಿದರೆ ಪರಸ್ಪರ ಪರಿಚಯವೂ ಆಗುತ್ತದೆ. ಕನ್ನಡ ಕಾರ್ಯಕ್ರಮಕ್ಕೆ ಬಾರದ ಹದಿಹರೆಯದವರು ಚೆಂಡಿನ ನೆಪದಲ್ಲಾದರೂ ಸಂಘಕ್ಕೆ ಬರುತ್ತಾರೆ. ಯುವಕರು ಬರುತ್ತಿಲ್ಲ ಎಂದು ಪ್ರತಿ ವಾರ್ಷಿಕ ಸಭೆಯಲ್ಲಿ ಕೊರಗುವ ಪದಾಧಿಕಾರಿಗಳಿಗೆ ಇದು ಯೋಚಿಸಬೇಕಾದ ಮಾತು. ಆದರೆ ದಿನಾಂಕವನ್ನು ಮಾತ್ರ ನವೆಂಬರ್ ರಾಜ್ಯೋತ್ಸವಕ್ಕೆ ಜೋಡಿಸದೆ, ಸೆಪ್ಟೆಂಬರ್‌ಗೋ ಫೆಬ್ರುವರಿಗೋ ಇಡಬೇಕು. ಕಾರಣ ಮೇಲೆ ಹೇಳಿದ್ದೇ.

ನಿರೀಕ್ಷೆ ಎಷ್ಟು?

ಒಟ್ಟಾರೆ ನೋಡಿದರೆ ಮುಂದಿನ ಋತುವಿನ ಬಗ್ಗೆ ಎಚ್ಚರಿಕೆಯ ಆಶಾಭಾವನೆ ಇಟ್ಟುಕೊಳ್ಳಬಹುದು. ನಾಲ್ಕನೆಯ ವರ್ಷದಿಂದ ಅನುಭವಿಗಳು ಉಳಿಯುವ ಸಾಧ್ಯತೆ, ಸಿಯುಇಟಿಯಿಂದ ದೇಶದ ಎಲ್ಲ ಮೂಲೆಗಳ ಆಟಗಾರರು ಬರುವ ಸಾಧ್ಯತೆ, ಮಹಿಳಾ ಫುಟ್ಬಾಲ್‌ಗೆ ಬಂದ ಹೊಸ ಹುರುಪು ಇವು ಲಾಭದ ಕಡೆ. ಹೊಗೆಮಂಜು, ಕಡಿಮೆ ಪಂದ್ಯಗಳು, ತಡವಾಗುವ ಪ್ರವೇಶ ಇವು ನಷ್ಟದ ಕಡೆ. ಪಂಜಾಬ್‌ನ ತಂಡಗಳನ್ನು ಈ ವರ್ಷವೇ ಮಣಿಸುತ್ತೇವೆ ಎನ್ನುವುದು ದುಡುಕು. ಆದರೆ ಜುಲೈಯಲ್ಲೇ ಅಭ್ಯಾಸ ಶುರು ಮಾಡಿ, ಅಕ್ಟೋಬರ್ ಮಧ್ಯದೊಳಗೆ ಹತ್ತು ಪಂದ್ಯ ಆಡಿದ ಕಾಲೇಜು ತಂಡ, ನವೆಂಬರ್‌ನಲ್ಲಿ ಬೂಟು ಹುಡುಕುವ ತಂಡವನ್ನು ಸೋಲಿಸುವುದರಲ್ಲಿ ಅನುಮಾನವಿಲ್ಲ.

ಕೊನೆಯದಾಗಿ ಪ್ರೇಕ್ಷಕರ ಮಾತು. ಕಾಲೇಜು ಪಂದ್ಯಗಳಿಗೆ ಟಿಕೆಟ್ ಇಲ್ಲ, ನೂಕುನುಗ್ಗಲಿಲ್ಲ. ಹಲವೊಮ್ಮೆ ಗೆರೆಯಾಚೆ ನಿಂತವರು ಬದಲಿ ಆಟಗಾರರು ಮಾತ್ರ. ಸಂಘದ ಹತ್ತು ಮಂದಿ ಸದಸ್ಯರು ಒಂದು ಶನಿವಾರ ಬೆಳಿಗ್ಗೆ ಮೈದಾನದ ಬದಿಗೆ ಬಂದು ನಿಂತರೆ ಆಡುವ ಮಕ್ಕಳಿಗೆ ಆಗುವ ಸಂತೋಷ ದೊಡ್ಡದು. ಅವರಲ್ಲಿ ಒಬ್ಬ ಕನ್ನಡದ ಹುಡುಗನೋ ಹುಡುಗಿಯೋ ಇದ್ದು, ಬದಿಯಿಂದ ಕನ್ನಡದಲ್ಲಿ ಒಂದು ಕೂಗು ಕೇಳಿದರೆ ಆ ದಿನದ ಓಟಕ್ಕೆ ಇನ್ನಷ್ಟು ಕಸುವು ಬರುತ್ತದೆ. ಈ ಬಾರಿ ಪಂದ್ಯಗಳ ಪಟ್ಟಿ ಹೊರಬಿದ್ದಾಗ ಸಂಘಗಳು ಅದನ್ನು ತಮ್ಮ ಸೂಚನಾ ಫಲಕದಲ್ಲಿ ಹಾಕಲಿ. ಉಳಿದದ್ದು ತಾನಾಗಿ ಆಗುತ್ತದೆ.